ಸಸ್ಪೆನ್ಸ್ ಕಾದಂಬರಿ ಮೂರು ಕಡೆಯೂ ಆಗಲಿಲ್ಲ. ಕೊನೆಯ ಅಧ್ಯಾಯ ಬದಲಿಸಲಾ?

ಬಾಂಡ್‌ರೈಟರ್_ತಿಪಟೂರು · ಜೂನ್ 4

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಒಂದು ಸಣ್ಣ ಅಂಗಡಿಯಲ್ಲಿ ಪತ್ರ ಬರೆಯುವುದು ನನ್ನ ಕೆಲಸ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಎಲ್ಲಾ. ಹಗಲು ಬೇರೆಯವರ ಜಮೀನಿನ ಕಥೆ ಟೈಪ್ ಮಾಡುತ್ತೇನೆ, ರಾತ್ರಿ ಊಟ ಆದ ಮೇಲೆ ನನ್ನ ಕಥೆ. ಹೀಗೆ ನಾಲ್ಕು ವರ್ಷ ಹಿಡಿದು ಒಂದು ಸಸ್ಪೆನ್ಸ್ ಕಾದಂಬರಿ ಮುಗಿಸಿದ್ದೇನೆ. 31 ಅಧ್ಯಾಯ, ಸುಮಾರು 280 ಪುಟ.

ಮೂರು ಪ್ರಕಾಶಕರಿಗೆ ಕಳಿಸಿದೆ. ಒಬ್ಬರಿಂದ ಉತ್ತರವೇ ಇಲ್ಲ. ಇನ್ನೊಬ್ಬರು ಪತ್ತೇದಾರಿ ಈಗ ಯಾರು ಓದ್ತಾರೆ ಅಂದರು. ಮೂರನೆಯವರು ಪೂರ್ತಿ ಓದಿ ಫೋನ್ ಮಾಡಿದರು. "ಮೂವತ್ತನೇ ಅಧ್ಯಾಯದವರೆಗೆ ಕೆಳಗಿಡಲಿಲ್ಲ. ಕೊನೆಯದಕ್ಕೆ ಬಂದಾಗ ಬೇಜಾರಾಯ್ತು. ಅದನ್ನು ಬೇರೆ ಥರ ಬರೆದರೆ ಮತ್ತೆ ಕಳಿಸಿ, ನೋಡೋಣ" ಅಂದರು.

ಕಥೆ ಇಷ್ಟು. ಒಬ್ಬ ಮುದುಕರು ತಮ್ಮದೇ ತೋಟದ ಬಾವಿಯಲ್ಲಿ ಹೆಣವಾಗಿ ಸಿಗುತ್ತಾರೆ. ಹದಿನೈದು ದಿನಕ್ಕೆ ಒಬ್ಬ ಹಳೆಯ ಕರಾರು ಹಿಡಿದು ಬರುತ್ತಾನೆ. ತೋಟ 1987ರಲ್ಲೇ ನಮ್ಮಪ್ಪನಿಗೆ ಮಾರಿದ್ದು, ಸ್ವಾಧೀನವೂ ಕೊಟ್ಟಿದ್ದು ಅಂತ. ಕರಾರು ಸುಳ್ಳು ಅಂತ ಗೊತ್ತಾಗುವುದು ಅದರ ಚಕ್ಕುಬಂದಿಯಿಂದ, ಅಂದರೆ ಜಮೀನಿನ ನಾಲ್ಕೂ ಕಡೆಯ ಗಡಿ ವಿವರದಿಂದ. ಪೂರ್ವಕ್ಕೆ ಮೇಷ್ಟ್ರ ತೋಟ ಅಂತ ಬರೆದಿದೆ, ಆದರೆ ಮೇಷ್ಟ್ರು ಆ ತೋಟ ಕೊಂಡಿದ್ದೇ 1994ರಲ್ಲಿ. (ದಿಕ್ಕು, ಇಸವಿ, ಊರು ಎಲ್ಲಾ ಇಲ್ಲಿ ಬದಲಿಸಿ ಹೇಳಿದ್ದೇನೆ. ಮುಂದೆ ಓದುವವರಿಗೆ ಗುಟ್ಟು ಬಿಟ್ಟುಕೊಡಬಾರದಲ್ವಾ.)

ಕೊನೆಯ ಅಧ್ಯಾಯದಲ್ಲಿ ನಾಯಕ ಕೋರ್ಟಿನ ಕಟಕಟೆಯಲ್ಲಿ ನಿಂತು ಇದನ್ನೆಲ್ಲ 22 ಪುಟ ಬಿಡಿಸಿ ಹೇಳುತ್ತಾನೆ. ನನಗೆ ಆ ಭಾಗದ ಮೇಲೇ ಪ್ರೀತಿ ಜಾಸ್ತಿ. ಅದನ್ನು ಬದಲಿಸಿದರೆ ಈ ಕಾದಂಬರಿ ನನ್ನದಾಗಿ ಉಳಿಯುತ್ತಾ?

ಮಲ್ಲೇಶ್ವರದ_ಓದುಗ · ಜೂನ್ 4

ಬದಲಿಸಬೇಡಿ ಸರ್. ನಾಲ್ಕು ವರ್ಷ ನಿದ್ದೆಗೆಟ್ಟವರು ನೀವು. ಪ್ರಕಾಶಕರು ಒಂದು ಫೋನಿನಲ್ಲಿ ಹೇಳಿದ್ದಕ್ಕೆ ನಿಮ್ಮ ಇಷ್ಟದ ಭಾಗವನ್ನೇ ಕಿತ್ತು ಹಾಕುವುದು ಸರಿಯಲ್ಲ. ಈಗ ಬೇಕಾದಷ್ಟೇ ಪ್ರತಿ ಅಚ್ಚು ಹಾಕಿಸಿಕೊಳ್ಳಬಹುದು. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ನಾವೇ ಅರ್ಜಿ ಹಾಕಬಹುದು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನೀವೇ ತನ್ನಿ, ನಾವು ಕೊಳ್ಳುತ್ತೇವೆ.

ಕರಡು_ನೋಡುವಾಕೆ · ಜೂನ್ 5

ತಿಪಟೂರು ಸರ್, ನಾನು ಹದಿನಾರು ವರ್ಷದಿಂದ ಕರಡು ತಿದ್ದುವ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪೋಸ್ಟ್ ಓದಿದ ತಕ್ಷಣ ನೆನಪಾಗಿದ್ದು ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ. ಹೆಸರು ದೊಡ್ಡದು ಅಂತ ಹೇಳುತ್ತಿಲ್ಲ. ಅವರಿಗೂ ಇದೇ ಆಗಿತ್ತು, ಅದೂ ಕಟಕಟೆಯ ಸಮೇತ.

ಪತ್ತೇದಾರಿಗೆ ಕೈ ಹಾಕುವ ಮೊದಲೇ ಆಕೆ ಈಜಿಪ್ಟಿನ ಕೈರೋದಲ್ಲಿ ನಡೆಯುವ ಒಂದು ಕಾದಂಬರಿ ಬರೆದಿದ್ದರು. ಅದು ಅಚ್ಚಾಗಲಿಲ್ಲ. ಪಕ್ಕದ ಮನೆಯಲ್ಲಿ ಈಡನ್ ಫಿಲ್‌ಪಾಟ್ಸ್ ಅನ್ನುವ ಲೇಖಕರಿದ್ದರು. ಅವರು ಓದಿ, ನಿನಗೆ ಸಂಭಾಷಣೆ ಚೆನ್ನಾಗಿ ಬರುತ್ತದೆ, ನಡುವೆ ನೀನು ಬಂದು ಉಪದೇಶ ಮಾಡುವುದನ್ನು ತೆಗೆ, ಪಾತ್ರಗಳೇ ಮಾತಾಡಲಿ ಅನ್ನುವ ಅರ್ಥದ ಸಲಹೆ ಕೊಟ್ಟರು. ತಮ್ಮ ಏಜೆಂಟರ ಹತ್ತಿರವೂ ಕಳಿಸಿದರು. ಏಜೆಂಟರು ಅದನ್ನು ಒಪ್ಪದೆ, ಬೇರೊಂದು ಬರೆಯಿರಿ ಅಂದರು.

ಆಮೇಲೆ ಮೊದಲ ಮಹಾಯುದ್ಧ ಬಂತು. ಊರು ಇಂಗ್ಲೆಂಡಿನ ಟಾರ್ಕಿ. ಅಲ್ಲಿನ ಯುದ್ಧದ ಆಸ್ಪತ್ರೆಯಲ್ಲಿ ಮೊದಲು ನರ್ಸ್ ಕೆಲಸ, ಆಮೇಲೆ ಔಷಧಿ ವಿಭಾಗ. ಓದುಗರಿಗೆ ಕೊನೆವರೆಗೂ ಗೊತ್ತಾಗದ ಹಾಗೆ ಪತ್ತೇದಾರಿ ಬರೆಯೋಕೆ ನಿನ್ನಿಂದಾಗಲ್ಲ ಅಂತ ಅಕ್ಕ ಹಿಂದೊಮ್ಮೆ ಛೇಡಿಸಿದ್ದಳು. ಔಷಧಿ ಕೋಣೆಯಲ್ಲಿ ಕೆಲಸ ಕಡಿಮೆ ಇದ್ದ ಹೊತ್ತಿನಲ್ಲಿ, ಸುತ್ತ ವಿಷದ ಶೀಸೆಗಳನ್ನು ಇಟ್ಟುಕೊಂಡು, ಆಕೆ ಆ ಮಾತನ್ನು ಮತ್ತೆ ಯೋಚಿಸಿದರು. ಹುಟ್ಟಿದ್ದು 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್'. ಬರೆದಿದ್ದು 1916ರಲ್ಲಿ.

ಅದು ಎರಡು ಕಡೆಯಿಂದ ಹಿಂದಕ್ಕೆ ಬಂತು. ಮುಂದಿನ ಸಲ 'ದಿ ಬಾಡ್ಲಿ ಹೆಡ್' ಅನ್ನುವ ಪ್ರಕಾಶನಕ್ಕೆ ಕಳಿಸಿದರು. ಅಲ್ಲಿಂದ ಸುಮಾರು ಎರಡು ವರ್ಷ ಸುದ್ದಿಯೇ ಇಲ್ಲ. ಯುದ್ಧ ಮುಗಿಯಿತು, ಮಗಳು ಹುಟ್ಟಿದಳು, ಹಸ್ತಪ್ರತಿ ಕಳಿಸಿದ್ದೇ ಹೆಚ್ಚುಕಮ್ಮಿ ಮರೆತು ಹೋಗಿತ್ತು. ಆಗ ಕಾಗದ ಬಂತು. ಪ್ರಕಾಶಕ ಜಾನ್ ಲೇನ್ ಕರೆಸಿ ಹೇಳಿದ ಮುಖ್ಯ ಮಾತು ಒಂದೇ: ಕೊನೆಯಲ್ಲಿ ಪತ್ತೇದಾರ ಕಟಕಟೆಯಲ್ಲಿ ನಿಂತು ಎಲ್ಲ ವಿವರಿಸುವುದು ನಂಬುವ ಹಾಗಿಲ್ಲ, ಬೇರೆ ಥರ ಮಾಡಿ. ಕೋರ್ಟಿನಲ್ಲಿ ಯಾರನ್ನೂ ಅಷ್ಟು ಹೊತ್ತು ಹಾಗೆ ಮಾತಾಡಲು ಬಿಡುವುದಿಲ್ಲವಲ್ಲ. ಆಕೆ ಅದನ್ನು ತೆಗೆದು, ಮನೆಯವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಪತ್ತೇದಾರ ಪೊಯ್ರೊ ಮಾತಾಡುವ ಹಾಗೆ ಬರೆದರು. ಮುಂದೆ ಆಕೆಯ ಎಷ್ಟೋ ಪುಸ್ತಕಗಳು ಮುಗಿಯುವುದು ಹೀಗೇ ಅಲ್ವಾ? ಅದು ಶುರುವಾಗಿದ್ದು ಒಬ್ಬ ಪ್ರಕಾಶಕ ಬೇಡ ಅಂದಿದ್ದರಿಂದ.

ಹಾಗಾಗಿ ನಾನು ಕೇಳುವುದು ಇಷ್ಟೇ. ನಿಮ್ಮ ಚಕ್ಕುಬಂದಿ ಓದುಗರ ಕಣ್ಣಿಗೆ ಮೊದಲ ಸಲ ಬೀಳುವುದು ಎಷ್ಟನೇ ಪುಟದಲ್ಲಿ?

ಮದ್ದಿನಂಗಡಿ_ಪುತ್ತೂರು · ಜೂನ್ 5

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಯಾಕೆಂದರೆ ಇದು ನನ್ನ ಕಸುಬಿನ ವಿಷಯ. ನಾನು ಫಾರ್ಮಸಿಸ್ಟ್. ಆ ಪುಸ್ತಕದ ಕೀಲಿ ಇರುವುದು ಎರಡು ಮದ್ದು ಒಂದೇ ಬಾಟಲಿಯಲ್ಲಿ ಸೇರಿದಾಗ ಏನಾಗುತ್ತದೆ ಅನ್ನುವುದರಲ್ಲಿ. ಏನು ಅಂತ ಹೇಳುವುದಿಲ್ಲ, ಓದದವರು ಓದಲಿ. ನಾನು ಮೊದಲ ಸಲ ಓದಿದಾಗ ಎದ್ದು ಹೋಗಿ ಹಳೆಯ ಪಠ್ಯಪುಸ್ತಕ ತೆಗೆದು ನೋಡಿದೆ. ಸರಿಯಾಗಿಯೇ ಇತ್ತು. ಪುಸ್ತಕ ಬಂದಾಗ ಇಂಗ್ಲೆಂಡಿನ ಔಷಧಿಯವರ ಪತ್ರಿಕೆ, ಫಾರ್ಮಾಸ್ಯುಟಿಕಲ್ ಜರ್ನಲ್, ವಿಷದ ವಿವರ ತಪ್ಪಿಲ್ಲದೆ ಬರೆದಿದ್ದಾರೆ ಅಂತ ಮೆಚ್ಚಿ ವಿಮರ್ಶೆ ಮಾಡಿತ್ತು. ಲೇಖಕಿಗೆ ಬಹಳ ಖುಷಿ ಕೊಟ್ಟ ವಿಮರ್ಶೆ ಅದು.

ಆಕೆ ತರಬೇತಿಗೆ ಹೋಗುತ್ತಿದ್ದ ಔಷಧಿಯಂಗಡಿಯವನೊಬ್ಬ ಕ್ಯುರಾರೆ ವಿಷದ ಸಣ್ಣ ಉಂಡೆಯನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದನಂತೆ. ಯಾಕೆ ಅಂದರೆ, ಇದು ಇದ್ದರೆ ನಾನು ಬಲಶಾಲಿ ಅನ್ನಿಸುತ್ತದೆ ಅಂದನಂತೆ. ಆ ಮನುಷ್ಯ ಆಕೆಯ ತಲೆಯಲ್ಲಿ ಹತ್ತಾರು ವರ್ಷ ಉಳಿದು, 1961ರ ಒಂದು ಕಾದಂಬರಿಗೆ ಬೀಜವಾದ. ನಿಮ್ಮ ಅಂಗಡಿ ಮುಂದೆ ದಿನಾ ಎಷ್ಟು ಜನ ಬಂದು ಕೂರುತ್ತಾರೆ ಸರ್! ನಿಮಗೆ ಚಕ್ಕುಬಂದಿ ಗೊತ್ತಿರುವ ಹಾಗೆ ಬೇರೆ ಯಾವ ಕಾದಂಬರಿಕಾರರಿಗೂ ಗೊತ್ತಿಲ್ಲ. ಅದನ್ನು ಬಿಡಬೇಡಿ. ಎಲ್ಲಿ ಇಡಬೇಕು ಅನ್ನುವುದಷ್ಟೇ ಪ್ರಶ್ನೆ.

ಬಾಂಡ್‌ರೈಟರ್_ತಿಪಟೂರು · ಜೂನ್ 6

ಅಕ್ಕ, ಎದ್ದು ಹೋಗಿ ಪ್ರಿಂಟ್ ತೆಗೆದು ನೋಡಿದೆ. 264ನೇ ಪುಟ. ಅದಕ್ಕೆ ಮೊದಲು ಕರಾರು ಅನ್ನುವ ಪದ ನಲವತ್ತು ಸಲ ಬರುತ್ತದೆ, ಆದರೆ ಒಳಗೆ ಏನು ಬರೆದಿದೆ ಅಂತ ಎಲ್ಲೂ ಇಲ್ಲ. ಬಚ್ಚಿಟ್ಟರೆ ಸಸ್ಪೆನ್ಸ್ ಅಂದುಕೊಂಡಿದ್ದೆ.

ಬಾಡಿಗೆ_ಲೈಬ್ರರಿ_ದಾವಣಗೆರೆ · ಜೂನ್ 6

ನಮ್ಮ ತಂದೆ ಬಾಡಿಗೆ ಲೈಬ್ರರಿ ಇಟ್ಟಿದ್ದರು. ಶಾಲೆ ಬಿಟ್ಟ ಮೇಲೆ ಲೆಡ್ಜರ್ ಬರೆಯುತ್ತಿದ್ದವನು ನಾನು. ಬೇಗ ಹೋಗಿ ಬೇಗ ವಾಪಸ್ ಬರುತ್ತಿದ್ದುದು ಪತ್ತೇದಾರಿ. ಎನ್. ನರಸಿಂಹಯ್ಯನವರ ಪುಸ್ತಕಗಳಿಗೆ ಒಂದು ಕಪಾಟೇ ಬೇಕಾಗಿತ್ತು. 'ಪತ್ತೇದಾರ ಪುರುಷೋತ್ತಮ'ದಿಂದ ಶುರುಮಾಡಿ ಐನೂರಕ್ಕೂ ಹೆಚ್ಚು ಬರೆದವರು ಅವರು. ಕನ್ನಡ ಓದುವುದನ್ನು ಅವರ ಪುಸ್ತಕದಿಂದಲೇ ರೂಢಿ ಮಾಡಿಕೊಂಡ ಗಿರಾಕಿಗಳು ನಮ್ಮಲ್ಲಿದ್ದರು. ಪತ್ತೇದಾರಿ ಯಾರು ಓದ್ತಾರೆ ಅಂದವರಿಗೆ ಆ ಲೆಡ್ಜರ್ ತೋರಿಸಬೇಕು ಅನ್ನಿಸುತ್ತದೆ.

ಒಂದು ವಿಷಯ ಹೇಳುತ್ತೇನೆ. ಬಾಡಿಗೆ ಪುಸ್ತಕಗಳಲ್ಲಿ ಮೊದಲು ಹರಿಯುವುದು ಕೊನೆಯ ಹಾಳೆ. ತಂದೆ ಬ್ರೌನ್ ಪೇಪರ್ ಅಂಟಿಸಿ, "ಕೊನೆ 2 ಪುಟ ಇಲ್ಲ" ಅಂತ ಪೆನ್ಸಿಲ್‌ನಲ್ಲಿ ಬರೆದು ಇಡುತ್ತಿದ್ದರು. ಅಂಥ ಪುಸ್ತಕವನ್ನೂ ಜನ ಒಯ್ಯುತ್ತಿದ್ದರು. ವಾಪಸ್ ಕೊಡುವಾಗ ಕೌಂಟರ್ ಹತ್ತಿರ ನಿಂತು ಇಬ್ಬರು ಮೂವರು ವಾದ ಮಾಡುತ್ತಿದ್ದರು. ಅಡಿಗೆಯವನೇ ಮಾಡಿದ್ದು, ಕಿಟಕಿ ತೆರೆದಿತ್ತು ಅಂತ ಎರಡನೇ ಅಧ್ಯಾಯದಲ್ಲೇ ಹೇಳಿಲ್ವಾ ಅಂತ. ಕೆಲವು ಪುಸ್ತಕಗಳಿಗೆ ಮಾತ್ರ ಹೀಗಾಗುತ್ತಿತ್ತು. ಕೊನೆಯ ಪುಟವೊಂದರಲ್ಲೇ ಎಲ್ಲಾ ಇಟ್ಟಿದ್ದ ಪುಸ್ತಕ ಆ ಹಾಳೆ ಹರಿದ ದಿನವೇ ಸತ್ತು ಹೋಗುತ್ತಿತ್ತು. ಅದನ್ನು ಯಾರೂ ಕೇಳುತ್ತಿರಲಿಲ್ಲ.

ನಿಮ್ಮ 31ನೇ ಅಧ್ಯಾಯ ಹರಿದು ಹೋದರೆ ಉಳಿದ 30ರಲ್ಲಿ ವಾದ ಮಾಡುವುದಕ್ಕೆ ಏನಾದರೂ ಇರುತ್ತದಾ ಸರ್?

ಮಲ್ಲೇಶ್ವರದ_ಓದುಗ · ಜೂನ್ 7

ನಾನು ಹೇಳಿದ್ದನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಲೈಬ್ರರಿಯವರ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಫ್ರೆಡರಿಕ್ ಫೋರ್ಸೈತ್ ಅವರ 'ದಿ ಡೇ ಆಫ್ ದಿ ಜಾಕಲ್' (1971) ನೆನಪಾಯಿತು. ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರನ್ನು ಕೊಲ್ಲಲು ಬಂದವನ ಕಥೆ. ದ ಗಾಲ್ ಕೊಲೆಯಾಗಲಿಲ್ಲ ಅಂತ ಇಡೀ ಜಗತ್ತಿಗೆ ಗೊತ್ತು. ಅದಕ್ಕೇ ಹಲವು ಪ್ರಕಾಶಕರು ಇದರಲ್ಲಿ ಏನು ಸಸ್ಪೆನ್ಸ್ ಅಂತ ತಿರಸ್ಕರಿಸಿದ್ದರು. ಆದರೆ ಓದುವಾಗ ಎದೆ ಡವಡವ ಅನ್ನುತ್ತದೆ. ಅವನು ಹೇಗೆ ತಯಾರಾಗುತ್ತಾನೆ, ಪೊಲೀಸರು ಎಷ್ಟು ಹಿಂದಿದ್ದಾರೆ ಅಂತ ಎರಡೂ ಕಡೆ ನಮಗೆ ಕಾಣುತ್ತಿರುತ್ತದೆ.

ಉಳಿದರ್ಧ ಬಿಡುವುದಿಲ್ಲ. ಪ್ರಕಾಶಕರು ಹೇಳಿದ್ದೆಲ್ಲಾ ಸರಿ ಅಂತಲ್ಲ. ಕ್ರಿಸ್ಟಿಗೆ ಆ ಮೊದಲ ಪುಸ್ತಕದಿಂದ ಸಿಕ್ಕಿದ್ದು 25 ಪೌಂಡ್ ಮಾತ್ರ ಅನ್ನುವುದನ್ನೂ ಇಲ್ಲಿ ಹೇಳಬೇಕು.

ಕರಡು_ನೋಡುವಾಕೆ · ಜೂನ್ 7

ನಿಜ. ಅದೂ ರಾಯಲ್ಟಿ ಅಲ್ಲ, ಪತ್ರಿಕೆಗೆ ಧಾರಾವಾಹಿಯಾಗಿ ಮಾರಿದ ಹಕ್ಕಿನ ಪಾಲು. 2,000 ಪ್ರತಿ ಹೋದ ಮೇಲೆಯೇ ರಾಯಲ್ಟಿ ಅಂತ ಒಪ್ಪಂದದಲ್ಲಿತ್ತು. ಮುಂದಿನ ಐದು ಪುಸ್ತಕಗಳನ್ನೂ ಅವರಿಗೇ ಮೊದಲು ಕೊಡಬೇಕು ಅಂತಲೂ ಇತ್ತು. ಪುಸ್ತಕ ಅಚ್ಚಾಗುತ್ತದಲ್ಲ ಅನ್ನುವ ಸಂತೋಷದಲ್ಲಿ ಆಕೆ ಸರಿಯಾಗಿ ನೋಡದೆ ಸಹಿ ಹಾಕಿಬಿಟ್ಟರು. ಅದರಿಂದ ಹೊರಬರಲು ವರ್ಷಗಳೇ ಹಿಡಿದವು. 1926ರ ರಾಜರ್ ಆಕ್ರಾಯ್ಡ್ ಕೊಲೆಯ ಕಾದಂಬರಿ ಬೇರೆ ಪ್ರಕಾಶನದಿಂದ, ಕಾಲಿನ್ಸ್‌ನಿಂದ ಬಂತು.

ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. ಇಡೀ ಅಧ್ಯಾಯ ಬದಲಿಸಲು ಒಪ್ಪಿದ ಆಕೆ, ಕೋಕೋ ಅನ್ನುವ ಪದದ ಕಾಗುಣಿತಕ್ಕೆ ಪ್ರಕಾಶನದವರ ಜೊತೆ ಜಗಳ ಆಡಿದರು. ಇಂಗ್ಲಿಷಿನಲ್ಲಿ ಕೊನೆಗೆ ಬರಬೇಕಾದ ಒಂದು ಅಕ್ಷರವನ್ನು ಅವರು ಬಿಟ್ಟಿದ್ದರು. ಡಬ್ಬಿಯ ಮೇಲಿನ ಹೆಸರನ್ನೇ ತೋರಿಸಿದರೂ ಅವರು ಕೇಳಲಿಲ್ಲ, ಆಕೆ ಸೋತರು. ಕಥೆಯಲ್ಲಿ ಆ ಕೋಕೋ ಲೋಟ ಮುಖ್ಯ. ಯಾವುದನ್ನು ಬಿಟ್ಟುಕೊಡಬಹುದು, ಯಾವುದಕ್ಕೆ ಪಟ್ಟು ಹಿಡಿಯಬೇಕು ಅನ್ನುವುದು ಹೊಸಬರಿಗೂ ಗೊತ್ತಿರುತ್ತದೆ ಮಲ್ಲೇಶ್ವರದವರೇ. ಅದನ್ನು ನಂಬಬೇಕು.

ದೂರದ_ಕನ್ನಡಿಗ · ಜೂನ್ 9

ನಾನಿರುವುದು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ. ಇಲ್ಲಿಂದ ಕಾರಿನಲ್ಲಿ ಹೋದರೆ ಡಾರ್ಟ್‌ಮೂರ್ ಬಯಲು ಹತ್ತಿರವೇ. ಕ್ರಿಸ್ಟಿ ಆ ಸ್ಟೈಲ್ಸ್ ಪುಸ್ತಕ ಅರ್ಧ ಬರೆದು ಮುಂದೆ ಹೋಗದೆ ಕಂಗಾಲಾದಾಗ, ರಜೆ ಹಾಕಿ ಎಲ್ಲಾದರೂ ಒಬ್ಬಳೇ ಹೋಗಿ ಮುಗಿಸು ಅಂದವರು ಅವರ ತಾಯಿ. ಆಕೆ ಬಂದಿದ್ದು ಇಲ್ಲಿನ ಹೇ ಟಾರ್ ಅನ್ನುವ ಕಲ್ಲುಬಂಡೆಯ ಹತ್ತಿರದ ಹೋಟೆಲಿಗೆ, ಎರಡು ವಾರ. ಬೆಳಿಗ್ಗೆ ಕೈ ನೋಯುವವರೆಗೆ ಬರೆಯುವುದು, ಮಧ್ಯಾಹ್ನ ಬಯಲಿನಲ್ಲಿ ನಡೆಯುತ್ತಾ ಪಾತ್ರಗಳ ಮಾತನ್ನು ತಾನೇ ಗಟ್ಟಿಯಾಗಿ ಆಡಿಕೊಳ್ಳುವುದು.

ಹೋದ ತಿಂಗಳು ಮಗಳ ಜೊತೆ ಅಲ್ಲಿಗೆ ಹೋಗಿದ್ದೆ. ಮೇಯುವ ಕುದುರೆಮರಿಗಳು, ಗಾಳಿ, ದೊಡ್ಡ ಬೂದು ಬಂಡೆ, ಅಷ್ಟೇ. ಕನ್ನಡದಲ್ಲಿ ಜೋರಾಗಿ ಮಾತಾಡಿದರೂ ತಿರುಗಿ ನೋಡುವವರಿಲ್ಲ. ತಿಪಟೂರು ಸರ್, ನಿಮ್ಮ ಸಂಭಾಷಣೆಗಳನ್ನು ತೋಟದಲ್ಲಿ ಒಮ್ಮೆ ಬಾಯಿಬಿಟ್ಟು ಆಡಿ ನೋಡಿ. 22 ಪುಟ ಒಬ್ಬನೇ ಮಾತಾಡುವುದು ಎಷ್ಟು ಕಷ್ಟ ಅಂತ ಬಾಯಿಗೇ ಗೊತ್ತಾಗುತ್ತದೆ.

ಬಾಂಡ್‌ರೈಟರ್_ತಿಪಟೂರು · ಜುಲೈ 21

ಆಡಿ ನೋಡಿದೆ. ಆರನೇ ಪುಟಕ್ಕೆ ಗಂಟಲು ಒಣಗಿತು, ನನಗೇ ಸಾಕಾಯ್ತು. ಕೋರ್ಟಿನ ಅಧ್ಯಾಯ ತೆಗೆದೆ.

ಈಗ ಮೂರನೇ ಅಧ್ಯಾಯದಲ್ಲಿ ಅಜ್ಜಿ ಕೊಬ್ಬರಿ ಒಡೆಯುತ್ತಾ ಕೂತಿರುತ್ತಾಳೆ, ಮೊಮ್ಮಗಳು ಕರಾರು ಗಟ್ಟಿಯಾಗಿ ಓದುತ್ತಾಳೆ. ಪತ್ರಗಳಲ್ಲಿ ನಾವು ಯಾವಾಗಲೂ ಬರೆಯುವ ಕ್ರಮದಲ್ಲೇ ಇಟ್ಟಿದ್ದೇನೆ: "ಪೂರ್ವಕ್ಕೆ ಮೇಷ್ಟ್ರ ತೋಟ, ಪಶ್ಚಿಮಕ್ಕೆ ಇದೇ ಸರ್ವೆ ನಂಬರಿನ ಉಳಿಕೆ ಜಮೀನು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಬಂಡಿ ದಾರಿ." ಬಂಡಿ ದಾರಿ ಅಂದ ಕೂಡಲೇ ಅಜ್ಜಿಯ ಮಗ ರೇಗುತ್ತಾನೆ. ಆ ದಾರಿಯ ಮೇಲೆ ಮೊದಲೇ ವ್ಯಾಜ್ಯ ಇದೆ. ಎಲ್ಲರೂ ದಾರಿಯ ಜಗಳಕ್ಕೆ ಬೀಳುತ್ತಾರೆ, ಓದುಗರೂ ಅಲ್ಲಿಗೇ ಹೋಗುತ್ತಾರೆ. ಎಂಟನೇ ಅಧ್ಯಾಯದಲ್ಲಿ ಮೇಷ್ಟ್ರು ಕಾಫಿ ಕುಡಿಯುತ್ತಾ, ಮಗಳ ಮದುವೆ ಆದ ವರ್ಷವೇ ಸಾಲ ಮಾಡಿ ತೋಟ ತಗೊಂಡೆ ಅನ್ನುತ್ತಾರೆ. ಗೋಡೆಯ ಮೇಲೆ ಇಸವಿ ಬರೆದ ಮದುವೆ ಫೋಟೋ ಇದೆ. ಅಷ್ಟೇ, ಬೇರೆ ಏನೂ ಹೇಳಿಲ್ಲ.

ಎರಡೂ ಓದುಗರ ಮುಂದೆ ಬಿದ್ದಿವೆ. ಬರೆದು ಮುಗಿಸಿದಾಗ ಕೈ ನಡುಗುತ್ತಿತ್ತು, ಇಷ್ಟು ಬಿಟ್ಟುಕೊಟ್ಟೆನಲ್ಲ ಅಂತ.

ಕರಡು_ನೋಡುವಾಕೆ · ಜುಲೈ 21

ಪೂರ್ವವನ್ನು ಮೊದಲು ಹೇಳಿಸಿ ದಕ್ಷಿಣದಲ್ಲಿ ಜಗಳ ಎಬ್ಬಿಸಿದ್ದೀರಲ್ಲ, ಅದನ್ನು ನಾನು ಎರಡು ಸಲ ಓದಿದೆ. ಪತ್ರ ಬರೆಯುವವರಿಗಲ್ಲದೆ ಬೇರೆಯವರಿಗೆ ಇದು ಹೊಳೆಯುತ್ತಿರಲಿಲ್ಲ.

ಬಾಂಡ್‌ರೈಟರ್_ತಿಪಟೂರು · ಸೆಪ್ಟೆಂಬರ್ 30

ಎರಡು ತಿಂಗಳಿಂದ ಒಂದು ಸಾಲೂ ಬರೆದಿಲ್ಲ. ಅಮ್ಮನಿಗೆ ಹುಷಾರಿಲ್ಲ, ಆಸ್ಪತ್ರೆ ಮನೆ ಅಂತ ಓಡಾಟ. ಕೊನೆಯ ಅಧ್ಯಾಯ ತೆಗೆದದ್ದು ಸರಿ, ಹೊಸದು ಬರೆಯಬೇಕಲ್ಲ. ಕೂತರೆ ಬರುವುದಿಲ್ಲ. ಬಂದಿದ್ದೂ ಚೆನ್ನಾಗಿಲ್ಲ. ಮನಸ್ಸು ಸರಿ ಹೋಗುವವರೆಗೆ ಕಾಯುವುದೇ ಒಳ್ಳೆಯದಾ?

ಕರಡು_ನೋಡುವಾಕೆ · ಅಕ್ಟೋಬರ್ 1

ಮೊದಲು ಅಮ್ಮನನ್ನು ನೋಡಿಕೊಳ್ಳಿ ಸರ್. ಪುಸ್ತಕ ಎಲ್ಲೂ ಓಡಿ ಹೋಗುವುದಿಲ್ಲ.

ಆದರೆ ನೀವು ಕೇಳಿದ್ದಕ್ಕೆ ಹೇಳುತ್ತೇನೆ. 1926 ಕ್ರಿಸ್ಟಿಗೆ ಬಹಳ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ ತಾಯಿ ತೀರಿಕೊಂಡರು, ಹೇ ಟಾರ್‌ಗೆ ಹೋಗಿ ಮುಗಿಸು ಅಂದಿದ್ದ ಅದೇ ತಾಯಿ. ಆಮೇಲೆ ಗಂಡ ವಿಚ್ಛೇದನ ಕೇಳಿದ. ಡಿಸೆಂಬರ್‌ನಲ್ಲಿ ಆಕೆ ಮನೆಬಿಟ್ಟು ಹೋಗಿ ಹನ್ನೊಂದು ದಿನ ಯಾರಿಗೂ ಸಿಗಲಿಲ್ಲ, ಇಡೀ ದೇಶವೇ ಹುಡುಕಿತು. ಮುಂದಿನ ಫೆಬ್ರುವರಿಯಲ್ಲಿ ಏಳು ವರ್ಷದ ಮಗಳನ್ನೂ ಕಾರ್ಯದರ್ಶಿಯನ್ನೂ ಕರೆದುಕೊಂಡು ಕ್ಯಾನರಿ ದ್ವೀಪಗಳಿಗೆ ಹೋದರು. ದುಡ್ಡು ಬೇಕಿತ್ತು, ಒಂದು ಪುಸ್ತಕ ಮುಗಿಸಲೇಬೇಕಿತ್ತು. ಬರೆಯುವ ಮನಸ್ಸಿಲ್ಲ, ಬರೆಯುತ್ತಿರುವುದು ಇಷ್ಟವಿಲ್ಲ, ಹೇಳಿ ಬರೆಸುತ್ತಿದ್ದರೆ ಮಗಳು ನಡುವೆ ಬಂದು ಮಾತಾಡಿಸುತ್ತಾಳೆ. ಆದರೂ ಮುಗಿಸಿದರು. 1928ರಲ್ಲಿ ಅಚ್ಚಾದ 'ಬ್ಲೂ ಟ್ರೇನ್' ಅದು. ಆ ಪುಸ್ತಕ ಅವರಿಗೆ ಕೊನೆವರೆಗೂ ಸೇರಲಿಲ್ಲ. ಆದರೆ ಹವ್ಯಾಸಕ್ಕೆ ಬರೆಯುತ್ತಿದ್ದವಳು ವೃತ್ತಿಗೆ ಬಂದಿದ್ದು ಅಲ್ಲೇ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ನಾನು ಇದನ್ನು ಓದಿದಾಗ ಮರುಗಿದ್ದೂ ಇದೆ, ಧೈರ್ಯ ತಂದುಕೊಂಡಿದ್ದೂ ಇದೆ. ದಿನಕ್ಕೆ ಅರ್ಧ ಪುಟ ಬರೆಯಿರಿ. ಚೆನ್ನಾಗಿಲ್ಲದಿದ್ದರೆ ಇರಲಿ, ತಿದ್ದುವುದಕ್ಕೆ ನಾನಿದ್ದೇನೆ.

ಮದ್ದಿನಂಗಡಿ_ಪುತ್ತೂರು · ಅಕ್ಟೋಬರ್ 1

ಆಸ್ಪತ್ರೆಯಲ್ಲಿ ಕಾಯುವಾಗ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ ಸರ್. ಕ್ರಿಸ್ಟಿಯವರ 73 ನೋಟ್‌ಬುಕ್ ಉಳಿದಿವೆ. ಕೊಲೆಯ ಹಂಚಿಕೆ ಒಂದು ಪುಟ, ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ ಇನ್ನೊಂದು ಪುಟ. ಅಮ್ಮ ಬೇಗ ಹುಷಾರಾಗಲಿ.

ಬಾಂಡ್‌ರೈಟರ್_ತಿಪಟೂರು · ಫೆಬ್ರುವರಿ 12

ಅಮ್ಮ ಮನೆಗೆ ಬಂದು ಮೂರು ತಿಂಗಳಾಯಿತು, ಈಗ ಹಿತ್ತಲವರೆಗೆ ನಡೆಯುತ್ತಾರೆ.

ಕೊನೆಯ ಅಧ್ಯಾಯ ಈಗ ಒಂಬತ್ತು ಪುಟ. ಅರ್ಧಕ್ಕಿಂತ ಜಾಸ್ತಿ ಬರೆದಿದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಅಲ್ಲಿ ಬಾಯಿಬಿಟ್ಟು ಸಂಭಾಷಣೆ ಆಡಲು ಆಗುತ್ತಿರಲಿಲ್ಲ, ತುಟಿ ಮಾತ್ರ ಅಲ್ಲಾಡಿಸುತ್ತಿದ್ದೆ. ಕೋರ್ಟಿಲ್ಲ, ಭಾಷಣವಿಲ್ಲ. ಅಜ್ಜಿ ಕರಾರು ತಂದವನನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಪೂರ್ವದ ಬೇಲಿ ಹತ್ತಿರ ನಿಲ್ಲಿಸಿ, ಆಗ ಈ ಕಡೆ ಯಾರಿದ್ರಪ್ಪಾ ಅಂತ ಕೇಳುತ್ತಾಳೆ. ಅವನಿಗೆ ಗೊತ್ತಿಲ್ಲ. ಅಕ್ಕ ಮೂರು ಸಲ ತಿದ್ದಿಕೊಟ್ಟರು.

ಅದೇ ಮೂರನೇ ಪ್ರಕಾಶಕರು ಒಪ್ಪಿದ್ದಾರೆ. ಮೊದಲಿಗೆ 500 ಪ್ರತಿ. ಒಪ್ಪಂದದ ಕಾಗದ ಬಂದಾಗ ಕ್ರಿಸ್ಟಿ ನೆನಪಾದರು. ದಿನಾ ಜನರಿಗೆ ಪೂರ್ತಿ ಓದಿ ಸಹಿ ಹಾಕಿ ಅನ್ನುವವನು ನಾನು, ಈ ಸಲ ನಾನೇ ಎರಡು ರಾತ್ರಿ ಓದಿದೆ. ಮುಖಬೆಲೆಯ ಮೇಲೆ ಶೇ. 10 ರಾಯಲ್ಟಿ, ಮೊದಲ ಪ್ರತಿಯಿಂದಲೇ. ಅನುವಾದ, ಸಿನಿಮಾ, ಆಡಿಯೋ ಹಕ್ಕು ನನ್ನಲ್ಲೇ ಉಳಿಯಬೇಕು ಅಂತ ಸೇರಿಸಿ ಅಂದೆ, ಸೇರಿಸಿದರು. ಕೇಳಿದರೆ ಕೊಡುತ್ತಾರೆ ಅಂತ ಗೊತ್ತಿರಲಿಲ್ಲ.

ಒಂದು ಜಗಳವೂ ಆಯಿತು. ಚಕ್ಕುಬಂದಿ ಅಂದರೆ ಈಗಿನ ಓದುಗರಿಗೆ ಗೊತ್ತಾಗಲ್ಲ, ಗಡಿ ವಿವರ ಅಂತ ಮಾಡೋಣ ಅಂದರು. ನಾನು ಬಿಡಲಿಲ್ಲ. ಜಮೀನಿನ ಪತ್ರ ಮನೆಯಲ್ಲಿರುವ ಯಾರಿಗಾದರೂ ಅದು ಗೊತ್ತು, ಇಲ್ಲದವರಿಗೆ ಅಜ್ಜಿಯ ಮನೆಯ ಆ ಸಾಲು ಓದಿದರೆ ಗೊತ್ತಾಗುತ್ತದೆ ಅಂದೆ. ಉಳಿಯಿತು.

ಮಲ್ಲೇಶ್ವರದ_ಓದುಗ · ಫೆಬ್ರುವರಿ 12

ನಿಮ್ಮ ಕೋಕೋ ನೀವು ಗೆದ್ದಿರಿ ಸರ್! ಎರಡು ಪ್ರತಿ ನನಗೆ. ಬಿಡುಗಡೆ ಎಲ್ಲಿದ್ದರೂ ಬರುತ್ತೇನೆ.

ಬಾಡಿಗೆ_ಲೈಬ್ರರಿ_ದಾವಣಗೆರೆ · ಏಪ್ರಿಲ್ 27

ಪುಸ್ತಕ ಮೊನ್ನೆ ಅಂಚೆಯಲ್ಲಿ ಬಂತು. ನಾನು ಓದುವ ಮೊದಲೇ ನಮ್ಮ ತಾಯಿ ತೆಗೆದುಕೊಂಡರು. ವಯಸ್ಸು ಎಂಬತ್ತೆರಡು. ತಂದೆಯ ಲೈಬ್ರರಿಯ ಪುಸ್ತಕಗಳನ್ನು ಓದಿಯೇ ಬೆಳೆದ ಕಣ್ಣು. ಈ ಚರ್ಚೆಯ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ.

ನಿನ್ನೆ ಮಧ್ಯಾಹ್ನ ಮಂಚದ ಮೇಲೆ ಕೂತು ಓದುತ್ತಿದ್ದರು. ಎಂಟನೇ ಅಧ್ಯಾಯದಲ್ಲಿದ್ದರು ಅಂತ ಕಾಣುತ್ತದೆ. ಇದ್ದಕ್ಕಿದ್ದ ಹಾಗೆ ನಿಲ್ಲಿಸಿ, ಬೆರಳನ್ನು ಆ ಪುಟದಲ್ಲೇ ಇಟ್ಟುಕೊಂಡು, ಹಿಂದಕ್ಕೆ ಹಾಳೆ ತಿರುಗಿಸುತ್ತಾ ಹೋದರು. ಮೂರನೇ ಅಧ್ಯಾಯದ ಹತ್ತಿರ ನಿಂತರು. ಕನ್ನಡಕ ಸರಿ ಮಾಡಿಕೊಂಡು ಒಂದು ಸಾಲನ್ನು ಬೆರಳಿಟ್ಟು ಓದಿದರು. ಏನಮ್ಮಾ ಅಂದೆ. "ತಡಿಯಪ್ಪಾ, ಈಗ ಮಾತಾಡಿಸಬೇಡ" ಅಂದರು.